ಗಡ್ಡೆಯ ಅಂಚು ಎಲ್ಲಿ? ಸ್ಕ್ಯಾನ್‌ಗಳು ಕೊಡುವ ಬೇರೆ ಬೇರೆ ಉತ್ತರ

ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಕೊಡಲು ಹೊರಟ ವೈದ್ಯರಿಗೆ ಮೊದಲು ತಿಳಿಯಬೇಕಾದದ್ದು ಗಡ್ಡೆ ಎಲ್ಲಿಯವರೆಗೆ ಹಬ್ಬಿದೆ ಎಂಬುದು. ಗರ್ಭಕಂಠದ ಮುಂದೆ ಮೂತ್ರಕೋಶ ಒತ್ತಿಕೊಂಡಿದೆ, ಹಿಂದೆ ಗುದನಾಳವಿದೆ, ಮೇಲಿನಿಂದ ಕರುಳಿನ ಸುರುಳಿಗಳು ಇಳಿಬಿದ್ದಿವೆ. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಕೆಲವು ಮಿಲಿಮೀಟರ್ ಮಾತ್ರ. ಅಂಚನ್ನು ಒಳಗೆ ಗುರುತಿಸಿದರೆ ರೋಗದ ತುಣುಕು ಉಳಿದು ಮತ್ತೆ ಬೆಳೆಯುತ್ತದೆ. ಹೊರಗೆ ಗುರುತಿಸಿದರೆ ರೋಗ ಹೋದರೂ ಮೂತ್ರದಲ್ಲಿ ರಕ್ತ, ಮಲದಲ್ಲಿ ರಕ್ತ, ಕೆಲವೊಮ್ಮೆ ಜೀವನಪೂರ್ತಿ ಮೂತ್ರ ಸೋರುವ ಸಂಕಟ ಉಳಿಯುತ್ತದೆ. ಒಂದಾದ ಮೇಲೊಂದರಂತೆ ಸ್ಕ್ಯಾನ್ ಬರೆದುಕೊಡುವುದು ಈ ಅಂಚಿಗಾಗಿ. ‘ಮೊನ್ನೆ ತಾನೆ ಒಂದು ಸ್ಕ್ಯಾನ್ ಮಾಡಿಸಿದ್ವಿ, ಇದ್ಯಾಕೆ ಮತ್ತೆ?’ ಎಂದು ರೋಗಿಯ ಮನೆಯವರು ಕೇಳುವುದು ನ್ಯಾಯವಾಗಿಯೇ ಇದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವವರು, ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ ಭತ್ತದ ನಾಟಿಗೆ ಇಳಿಯುವವರು, ಜಗಳೂರಿನ ಒಣಭೂಮಿಯಲ್ಲಿ ಮೆಕ್ಕೆಜೋಳದ ಕಳೆ ತೆಗೆಯುವವರು. ಈ ನಾಲ್ಕೂ ಪಟ್ಟಣಗಳಲ್ಲಿ ವಿಕಿರಣ ಯಂತ್ರವಿಲ್ಲ. ನ್ಯಾಮತಿಯವರಿಗೆ ಜಿಲ್ಲಾ ಕೇಂದ್ರಕ್ಕಿಂತ ಶಿವಮೊಗ್ಗವೇ ಹತ್ತಿರ. ಜಗಳೂರಿನವರು ದಾವಣಗೆರೆಗೋ ಚಿತ್ರದುರ್ಗಕ್ಕೋ ಮೊದಲು ಹೋಗುತ್ತಾರೆ. ಕಾಯಿಲೆ ದೊಡ್ಡದು ಎಂದು ಗೊತ್ತಾದ ಮೇಲೆ ಬಹಳ ಜನ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ದಾರಿ ಹಿಡಿಯುತ್ತಾರೆ. ದಾವಣಗೆರೆಯಿಂದ ಅದು ಸುಮಾರು 260 ಕಿಲೊಮೀಟರ್. ಒಂದೊಂದು ಸ್ಕ್ಯಾನ್ ಎಂದರೆ ಈ ಕುಟುಂಬಗಳಿಗೆ ಒಂದು ದಿನದ ಕೂಲಿ ಹೋದಂತೆ, ಜೊತೆಗೆ ಬಂದವರ ಕೂಲಿಯೂ ಹೋದಂತೆ. ಹೀಗಿರುವಾಗ ಯಾವ ಸ್ಕ್ಯಾನ್ ನಿಜಕ್ಕೂ ಬೇಕು, ಯಾವುದು ಇಲ್ಲದಿದ್ದರೂ ನಡೆದೀತು ಎಂಬುದು ಈ ಊರುಗಳಲ್ಲಿ ವೈದ್ಯರ ತಲೆನೋವು ಮಾತ್ರವಲ್ಲ, ಮನೆಯ ಖರ್ಚಿನ ಲೆಕ್ಕವೂ ಹೌದು.

ಚಿಕಿತ್ಸೆಯ ಚೌಕಟ್ಟನ್ನು ಮೊದಲು ಹೇಳಬೇಕು. ಗಡ್ಡೆ ದೊಡ್ಡದಾಗಿದ್ದರೆ, ಅಥವಾ ಗರ್ಭಕಂಠ ದಾಟಿ ಅಕ್ಕಪಕ್ಕಕ್ಕೆ ಹಬ್ಬಿದ್ದರೆ, ಶಸ್ತ್ರಚಿಕಿತ್ಸೆಗಿಂತ ವಿಕಿರಣವೇ ಮುಖ್ಯ ಮದ್ದು. ನಮ್ಮ ಕಡೆಯ ಜನ ‘ಕರೆಂಟ್ ಕೊಡಿಸೋದು’ ಎನ್ನುವುದು ಇದನ್ನೇ. ಹೊರಗಿನ ಯಂತ್ರದಿಂದ ಸೊಂಟದ ಭಾಗಕ್ಕೆ ಸುಮಾರು 25 ಕಂತುಗಳಲ್ಲಿ, ಐದು ವಾರ, 45ರಿಂದ 50 ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ವಿಕಿರಣ. ಮೂತ್ರಪಿಂಡ ಚೆನ್ನಾಗಿದ್ದರೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧದ ಡ್ರಿಪ್. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ರೋಗ ಮುಂದುವರಿದ 3ಬಿ ಹಂತದ 850 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಕಿರಣದ ಜೊತೆ ಈ ಔಷಧ ಪಡೆದವರಲ್ಲಿ ಐದು ವರ್ಷ ಬದುಕಿದವರು ಶೇ 54, ಬರೀ ವಿಕಿರಣ ಪಡೆದವರಲ್ಲಿ ಶೇ 46. ಕೊನೆಗೆ ಬ್ರೇಕಿಥೆರಪಿ. ಗರ್ಭಕೋಶದೊಳಗೆ ಸಣ್ಣ ಕೊಳವೆ ಇಟ್ಟು, ಅದರೊಳಗೆ ವಿಕಿರಣ ಮೂಲವನ್ನು ಕೆಲವು ನಿಮಿಷ ಕಳುಹಿಸಿ ಹಿಂದಕ್ಕೆ ಕರೆಸಿಕೊಳ್ಳುವ ಒಳಗಿನ ಚಿಕಿತ್ಸೆ ಇದು. ಸಾಮಾನ್ಯವಾಗಿ ಮೂರು ನಾಲ್ಕು ಸಲ. ಎಲ್ಲವೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಐದು ವಾರ ಕಷ್ಟಪಟ್ಟು ಕರೆಂಟ್ ಕೊಡಿಸಿಕೊಂಡು, ರಕ್ತ ನಿಂತಿತೆಂದು ಬ್ರೇಕಿಥೆರಪಿಗೆ ಬಾರದೆ ಊರಿಗೆ ಮರಳಿದರೆ ಅರ್ಧ ಚಿಕಿತ್ಸೆ ಪಡೆದಂತೆ ಆಗುತ್ತದೆ. ಗಡ್ಡೆಯನ್ನು ಪೂರ್ತಿ ಕೊಲ್ಲುವ ಪ್ರಮಾಣ ಹೊರಗಿನಿಂದ ಮುಟ್ಟುವುದಿಲ್ಲ, ಅದು ಒಳಗಿನಿಂದಲೇ ಸಿಗಬೇಕು.

ಕೈ ಮತ್ತು ಎಕ್ಸ್‌ರೇ

ಎಲ್ಲ ಸ್ಕ್ಯಾನ್‌ಗಿಂತ ಹಳೆಯದು ವೈದ್ಯರ ಕೈ. ಯೋನಿ ಮತ್ತು ಗುದದ್ವಾರದ ಮೂಲಕ ಬೆರಳಿನಿಂದ ಮುಟ್ಟಿ ನೋಡಿ, ಗಡ್ಡೆ ಪಕ್ಕದ ಅಂಗಾಂಶಕ್ಕೆ ಹಬ್ಬಿದೆಯೇ, ಸೊಂಟದ ಮೂಳೆಯ ಗೋಡೆಯನ್ನು ಮುಟ್ಟಿದೆಯೇ ಎಂದು ತಿಳಿಯುವ ಪರೀಕ್ಷೆ. ಈ ಕ್ಯಾನ್ಸರಿನ ಹಂತ ನಿರ್ಧರಿಸುವ ಅಂತರರಾಷ್ಟ್ರೀಯ ಪದ್ಧತಿ, ಫಿಗೊ, 2018ರವರೆಗೆ ಮುಖ್ಯವಾಗಿ ಈ ಕೈಪರೀಕ್ಷೆಯನ್ನೇ ನೆಚ್ಚಿಕೊಂಡಿತ್ತು. ರೋಗ ಹೆಚ್ಚಾಗಿರುವ ಬಡ ದೇಶಗಳಲ್ಲಿ ಸ್ಕ್ಯಾನ್ ಎಲ್ಲರಿಗೂ ಸಿಗದು ಎಂಬುದು ಅದಕ್ಕೆ ಕಾರಣ. 2018ರಲ್ಲಿ ಪದ್ಧತಿ ತಿದ್ದಿ, ಲಭ್ಯವಿದ್ದಲ್ಲಿ ಸ್ಕ್ಯಾನ್ ವರದಿಯನ್ನೂ ಹಂತದ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದರು. ದುಗ್ಧಗ್ರಂಥಿಗೆ ರೋಗ ಹೋಗಿದ್ದರೆ ಅದನ್ನು 3ಸಿ ಎಂದು ಬೇರೆಯಾಗಿ ಗುರುತಿಸಿದರು. ಬೆರಳಿಗೆ ಈ ಗ್ರಂಥಿಗಳು ಎಂದೂ ಸಿಕ್ಕವಲ್ಲ.

ಕೈಗೆ ಎಷ್ಟು ತಿಳಿಯುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಅಳತೆ ಇದೆ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಹಂತವೆಂದು ಭಾವಿಸಿ ಶಸ್ತ್ರಚಿಕಿತ್ಸೆಗೆ ಒಯ್ದ ಮಹಿಳೆಯರಲ್ಲಿ, ರೋಗ ನಿಜವಾಗಿ ಗರ್ಭಕಂಠದಾಚೆಗೆ ಹೋಗಿದ್ದವರನ್ನು ಮೊದಲೇ ಯಾವುದು ಪತ್ತೆ ಮಾಡಿತು ಎಂದು ನೋಡಿದರು. ಕೈಪರೀಕ್ಷೆಯ ಹಂತ ನಿರ್ಣಯ ಶೇ 29, ಸಿ.ಟಿ ಶೇ 42, ಎಂಆರ್‌ಐ ಶೇ 53. ಇದರಲ್ಲಿ ಎಂಆರ್‌ಐ ಗೆದ್ದಿತು ಎಂದು ಓದಿ ಮುಂದೆ ಹೋಗುವುದು ಸುಲಭ. ನನಗೆ ಕಾಣುವುದು ಬೇರೆ: ಎಂಆರ್‌ಐ ಕೂಡ ಹತ್ತಿರ ಹತ್ತಿರ ಅರ್ಧದಷ್ಟನ್ನು ಬಿಟ್ಟಿತ್ತು. ಇಲ್ಲದ ಹಬ್ಬುವಿಕೆಯನ್ನು ಇದೆ ಎಂದು ಹೇಳುವ ತಪ್ಪು ಕೈಪರೀಕ್ಷೆಯಲ್ಲಿ ಬಹಳ ಕಡಿಮೆ, ಸ್ಕ್ಯಾನ್‌ಗಳಲ್ಲಿ ಹೆಚ್ಚು. ಆದ್ದರಿಂದ ‘ಸ್ಕ್ಯಾನ್ ಬಂದಮೇಲೆ ಮುಟ್ಟಿ ನೋಡೋದೇನಿದೆ’ ಎನ್ನುವ ಮಾತು ಸರಿಯಲ್ಲ. ಒಳ್ಳೆಯ ಕೇಂದ್ರಗಳಲ್ಲಿ ಇಂದಿಗೂ ಚಿಕಿತ್ಸೆಯ ಮೊದಲು ಮತ್ತು ಪ್ರತಿ ಬ್ರೇಕಿಥೆರಪಿಯ ಹೊತ್ತಿಗೆ ಮುಟ್ಟಿ ನೋಡಿ, ಕಂಡದ್ದನ್ನು ಕಾಗದದ ಮೇಲೆ ಚಿತ್ರ ಬರೆದು, ಅಳತೆ ನಮೂದಿಸಿ ಇಡುತ್ತಾರೆ. ಆ ಚಿತ್ರ ಇಲ್ಲದೆ ಸ್ಕ್ಯಾನ್ ಓದುವುದು ಅರೆಬರೆ ಕೆಲಸ.

ಎಕ್ಸ್‌ರೇಯ ಕಾಲ ಬಹಳ ದೀರ್ಘವಾಗಿತ್ತು. 1938ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಟಾಡ್ ಮತ್ತು ಮೆರೆಡಿತ್ ಎಂಬಿಬ್ಬರು ‘ಪಾಯಿಂಟ್ ಎ’ ಎಂಬ ಒಂದು ಬಿಂದುವನ್ನು ಗೊತ್ತುಮಾಡಿದರು. ಯೋನಿಯ ಮೇಲಂಚಿನಿಂದ 2 ಸೆಂಟಿಮೀಟರ್ ಮೇಲಕ್ಕೆ, ಗರ್ಭಕೋಶದ ನಡುಗಾಲುವೆಯಿಂದ 2 ಸೆಂಟಿಮೀಟರ್ ಪಕ್ಕಕ್ಕೆ. ಅಲ್ಲಿ ಇಷ್ಟು ವಿಕಿರಣ ಮುಟ್ಟಿದರೆ ಸಾಕು ಎಂಬ ಲೆಕ್ಕ. ಕೊಳವೆ ಇಟ್ಟ ಮೇಲೆ ಎದುರಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆದು, ಮೂತ್ರದ ನಳಿಕೆಯ ಬಲೂನಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ತುಂಬಿ ಮೂತ್ರಕೋಶದ ಜಾಗ ಅಂದಾಜು ಮಾಡಿ, ಲೆಕ್ಕ ಹಾಕುತ್ತಿದ್ದರು. ಲಕ್ಷಾಂತರ ಹೆಣ್ಣುಮಕ್ಕಳು ಈ ಪದ್ಧತಿಯಿಂದಲೇ ಬದುಕಿದರು; ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಲೋಹದ ಕೊಳವೆ ಕಾಣುತ್ತದೆ, ಗಡ್ಡೆ ಕಾಣುವುದಿಲ್ಲ. ನಿಂಬೆಹಣ್ಣಿನಷ್ಟು ಗಡ್ಡೆ ಇದ್ದವರಿಗೂ ತೆಂಗಿನಕಾಯಿಯಷ್ಟು ಇದ್ದವರಿಗೂ ಬಿಂದು ಅದೇ, ಪ್ರಮಾಣ ಅದೇ. ದೊಡ್ಡ ಗಡ್ಡೆಯವರಿಗೆ ಸಾಲದೆ ಹೋಗುತ್ತಿತ್ತು, ಚಿಕ್ಕ ಗಡ್ಡೆಯವರ ಮೂತ್ರಕೋಶ, ಗುದನಾಳ ಸುಮ್ಮನೆ ಸುಡುತ್ತಿದ್ದವು.

ಸಿ.ಟಿ ಏನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ

ವಿಕಿರಣ ಯೋಜನೆಯ ಕೊಠಡಿಯಲ್ಲಿ ಸಿ.ಟಿ ಬಿಟ್ಟರೆ ಕೆಲಸ ನಡೆಯದು. ಅದಕ್ಕೆ ಭೌತಶಾಸ್ತ್ರದ ಕಾರಣವಿದೆ. ಕಿರಣ ಮೈಯೊಳಗೆ ಎಷ್ಟು ಇಳಿಯುತ್ತದೆ, ಎಲ್ಲಿ ಎಷ್ಟು ಹೀರಲ್ಪಡುತ್ತದೆ ಎಂಬುದು ಅಂಗಾಂಶದ ಸಾಂದ್ರತೆಯ ಮೇಲೆ ನಿಂತಿದೆ. ಸಿ.ಟಿ ಆ ಸಾಂದ್ರತೆಯನ್ನೇ ಅಳೆಯುತ್ತದೆ, ಎಂಆರ್‌ಐ ಅಳೆಯುವುದಿಲ್ಲ. ಆದ್ದರಿಂದ ಹೊರಗಿನ ವಿಕಿರಣಕ್ಕೆ, ರೋಗಿ ಚಿಕಿತ್ಸೆಗೆ ಹೇಗೆ ಮಲಗಬೇಕೋ ಅದೇ ಭಂಗಿಯಲ್ಲಿ ಮಲಗಿಸಿ ಸಿ.ಟಿ ತೆಗೆಯಲೇಬೇಕು. ತಾಲ್ಲೂಕಿನಲ್ಲೋ ಬೇರೆ ಆಸ್ಪತ್ರೆಯಲ್ಲೋ ರೋಗ ಪತ್ತೆಗೆ ತೆಗೆದ ಹಳೆಯ ಸಿ.ಟಿ ಈ ಕೆಲಸಕ್ಕೆ ಬರುವುದಿಲ್ಲ. ‘ಮತ್ತೆ ಯಾಕೆ’ ಎಂಬ ಪ್ರಶ್ನೆಗೆ ಮೊದಲ ಉತ್ತರ ಇದು: ಹಿಂದಿನದು ರೋಗ ಹುಡುಕಲು ತೆಗೆದದ್ದು, ಇದು ಲೆಕ್ಕ ಹಾಕಲು.

ಸಿ.ಟಿಯಲ್ಲಿ ಮೂತ್ರಕೋಶ, ಗುದನಾಳ, ಕರುಳು, ಮೂಳೆ, ದಪ್ಪಗಾದ ದುಗ್ಧಗ್ರಂಥಿ ಸ್ಪಷ್ಟ. ಗಡ್ಡೆಯ ಮಟ್ಟಿಗೆ ಮಾತ್ರ ಅದು ಕುರುಡು. ಗಡ್ಡೆ, ಗರ್ಭಕಂಠ, ಪಕ್ಕದ ಅಂಗಾಂಶ ಮೂರೂ ಒಂದೇ ಬೂದುಬಣ್ಣದಲ್ಲಿ ಬೆರೆತುಹೋಗುತ್ತವೆ. ಒಂದೇ ರೋಗಿಯ ಗಡ್ಡೆಯನ್ನು ಸಿ.ಟಿಯಲ್ಲೂ ಎಂಆರ್‌ಐಯಲ್ಲೂ ಗುರುತಿಸಿ ಹೋಲಿಸಿದ 2007ರ ಅಧ್ಯಯನದಲ್ಲಿ, ಸಿ.ಟಿಯಲ್ಲಿ ಬರೆದ ಗಡ್ಡೆ ಅಗಲದಲ್ಲಿ ನಿಜಕ್ಕಿಂತ ದೊಡ್ಡದಾಗಿ ಬಂತು. ಮೂತ್ರಕೋಶ, ಗುದನಾಳಗಳ ಲೆಕ್ಕದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎಂದರೆ ಯಾವುದನ್ನು ಕಾಪಾಡಬೇಕು ಎಂದು ಸಿ.ಟಿ ಚೆನ್ನಾಗಿ ಹೇಳುತ್ತದೆ, ಯಾವುದನ್ನು ಹೊಡೆಯಬೇಕು ಎಂದು ಅಷ್ಟು ಚೆನ್ನಾಗಿ ಹೇಳುವುದಿಲ್ಲ.

ಹಾಗಿದ್ದೂ ಎಕ್ಸ್‌ರೇಯಿಂದ ಮೂರು ಆಯಾಮದ ಯೋಜನೆಗೆ, ಬಹುಪಾಲು ಸಿ.ಟಿಗೆ, ಬಂದದ್ದೇ ದೊಡ್ಡ ಹೆಜ್ಜೆ. ಫ್ರಾನ್ಸಿನ 20 ಕೇಂದ್ರಗಳು ಸೇರಿ 705 ರೋಗಿಗಳನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿದ ವರದಿ ನೋಡಿ. ಶಸ್ತ್ರಚಿಕಿತ್ಸೆ ಇಲ್ಲದೆ ವಿಕಿರಣ ಮತ್ತು ಔಷಧ ಮಾತ್ರ ಪಡೆದವರ ಗುಂಪಿನಲ್ಲಿ, ಹಳೆಯ ಎಕ್ಸ್‌ರೇ ಪದ್ಧತಿಯವರಲ್ಲಿ ತೀವ್ರ ಅಡ್ಡಪರಿಣಾಮ ಶೇ 22.7, ಮೂರು ಆಯಾಮದ ಯೋಜನೆಯವರಲ್ಲಿ ಶೇ 2.6. ಗಡ್ಡೆಯ ಹತೋಟಿಯೂ ಸ್ವಲ್ಪ ಹೆಚ್ಚು. ಇಷ್ಟು ದೊಡ್ಡ ಅಂತರ ಇರುವಾಗ, ಸಿ.ಟಿ ಯಂತ್ರ ಪಕ್ಕದ ಕೊಠಡಿಯಲ್ಲೇ ಇದ್ದೂ ಬ್ರೇಕಿಥೆರಪಿಯನ್ನು ಬರೀ ಎಕ್ಸ್‌ರೇ ಮೇಲೆ ಯೋಜಿಸುವುದಕ್ಕೆ ಇಂದು ಸಮರ್ಥನೆ ಇಲ್ಲ. ಈ ಮಾತನ್ನು ನಾನು ಪೂರ್ತಿ ಗಟ್ಟಿಯಾಗಿ ಹೇಳುತ್ತೇನೆ.

ಮೂತ್ರಕೋಶ ತುಂಬಿದಾಗ, ಖಾಲಿಯಾದಾಗ ಗರ್ಭಕೋಶ ಸೆಂಟಿಮೀಟರ್‌ಗಟ್ಟಲೆ ಆಚೀಚೆ ಜರುಗುತ್ತದೆ. ‘ಇಷ್ಟು ನೀರು ಕುಡಿದು ಇಷ್ಟು ಹೊತ್ತು ಕಾಯಿರಿ’ ಎಂದು ದಿನವೂ ಹೇಳುವುದು ಇದಕ್ಕೇ, ಅದನ್ನು ಉದಾಸೀನ ಮಾಡಬಾರದು. ಯಂತ್ರದ ಮೇಲೆ ಮಲಗಿಸಿದ ಮೇಲೂ ಚಿತ್ರ ತೆಗೆದು ಜಾಗ ಸರಿಪಡಿಸಿ ಕೊಡುವ ವಿಕಿರಣದ ಲಾಭವನ್ನು ಟಾಟಾ ಸ್ಮಾರಕದವರು 300 ಮಹಿಳೆಯರಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಇವರು ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಪಡೆದವರು. ಮೂರು ವರ್ಷದ ಹೊತ್ತಿಗೆ ಕರುಳಿನ ತೊಂದರೆ ಶೇ 42ರಿಂದ ಶೇ 21ಕ್ಕೆ ಇಳಿದಿತ್ತು.

ಎಂಆರ್‌ಐ ಯಾವಾಗ?

ಎಂಆರ್‌ಐಯ ಒಂದು ಬಗೆಯ ಚಿತ್ರದಲ್ಲಿ ಆರೋಗ್ಯವಂತ ಗರ್ಭಕಂಠದ ಗಟ್ಟಿ ಪದರ ಕಪ್ಪು ಉಂಗುರದಂತೆ ಕಾಣುತ್ತದೆ, ಗಡ್ಡೆ ನಸುಬೂದು. ಉಂಗುರ ಪೂರ್ತಿ ಇದ್ದರೆ ರೋಗ ಒಳಗೇ ಇದೆ. ಎಲ್ಲಾದರೂ ಉಂಗುರ ಮುರಿದು ಬೂದುಬಣ್ಣ ಹೊರಗೆ ಚಾಚಿದ್ದರೆ ರೋಗ ಪಕ್ಕಕ್ಕೆ ಹೋಗಿದೆ. ಇಷ್ಟು ನೇರವಾಗಿ ಅಂಚು ತೋರಿಸುವ ಸ್ಕ್ಯಾನ್ ಬೇರೊಂದಿಲ್ಲ. 2005 ಮತ್ತು 2006ರಲ್ಲಿ ಯುರೋಪಿನ ತಜ್ಞರ ಗುಂಪು ಎಂಆರ್‌ಐ ಆಧರಿಸಿ ಬ್ರೇಕಿಥೆರಪಿ ಯೋಜಿಸುವ ನಿಯಮಗಳನ್ನು ಬರೆಯಿತು. ಗಡ್ಡೆ ಪ್ರತಿ ವಾರ ಕರಗುತ್ತಾ ಹೋಗುತ್ತದೆ. ಆದ್ದರಿಂದ ಒಳಗಿನ ಚಿಕಿತ್ಸೆಯ ಯೋಜನೆ, ಮೊದಲ ದಿನದ ಗಡ್ಡೆಗಲ್ಲ, ಐದನೇ ವಾರದಲ್ಲಿ ಉಳಿದ ಗಡ್ಡೆಗೆ ತಕ್ಕಂತೆ ಇರಬೇಕು ಎಂಬುದು ಅದರ ಜೀವಾಳ. ಈ ಪದ್ಧತಿಯನ್ನು ಯುರೋಪ್, ಏಷ್ಯಾ, ಉತ್ತರ ಅಮೆರಿಕದ 24 ಕೇಂದ್ರಗಳಲ್ಲಿ, ನಮ್ಮ ಟಾಟಾ ಸ್ಮಾರಕವೂ ಸೇರಿ, 1,341 ಮಹಿಳೆಯರ ಮೇಲೆ ನೋಡಿದ ‘ಎಂಬ್ರೇಸ್’ ಅಧ್ಯಯನ 2021ರಲ್ಲಿ ಹೊರಬಂತು. ಐದು ವರ್ಷದ ನಂತರ ಗರ್ಭಕಂಠದ ಜಾಗದಲ್ಲಿ ರೋಗ ಹತೋಟಿಯಲ್ಲಿ ಇದ್ದವರು ಶೇ 92. ಗಡ್ಡೆ ಬಹಳ ಮುಂದುವರಿದವರೂ ಇದರಲ್ಲಿ ಇದ್ದರು.

ಮಿಲಿಮೀಟರ್‌ಗೆ ಇಷ್ಟು ಬೆಲೆ ಏಕೆ ಎಂದರೆ, ಬ್ರೇಕಿಥೆರಪಿಯಲ್ಲಿ ಮೂಲದಿಂದ ದೂರ ಎರಡರಷ್ಟಾದರೆ ವಿಕಿರಣ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗಡ್ಡೆಯ ಅಂಚಿಗೆ ಒಟ್ಟು 85 ಗ್ರೇಗಿಂತ ಹೆಚ್ಚು ಮುಟ್ಟಿಸಿ, ಅಲ್ಲೇ ಅಂಟಿಕೊಂಡ ಗುದನಾಳದ ಪ್ರಮಾಣವನ್ನು 75ರ ಒಳಗೆ ಹಿಡಿಯಬೇಕೆಂದರೆ ಕಣ್ಣಂದಾಜು ಸಾಲದು.

ಹಾಗೆಂದು ಪ್ರತಿ ಕಂತಿಗೂ ಎಂಆರ್‌ಐ ಬೇಕೆಂದು ಹಟ ಹಿಡಿದರೆ ನಮ್ಮಲ್ಲಿ ಅದು ನಡೆಯುವ ಮಾತಲ್ಲ. ಕೊಳವೆ ಒಳಗಿದ್ದಂತೆಯೇ ರೋಗಿಯನ್ನು ಎಂಆರ್‌ಐ ಕೊಠಡಿಗೆ ಸಾಗಿಸಬೇಕು, ಕೊಳವೆ ಸ್ಟೀಲಿನದಾಗಿರಬಾರದು, ಯಂತ್ರ ಆ ಗಂಟೆಯಲ್ಲಿ ಬಿಡುವಾಗಿರಬೇಕು. ದೊಡ್ಡ ಆಸ್ಪತ್ರೆಗಳಿಗೂ ಇದು ಕಷ್ಟ. ಇದನ್ನು ಅರಿತೇ ಭಾರತದ ತಜ್ಞರು ನಡುದಾರಿ ಹುಡುಕಿದರು. ಟಾಟಾ ಸ್ಮಾರಕದ ಡಾ. ಉಮೇಶ್ ಮಹಾಂತಶೆಟ್ಟಿ ಮುಂದಾಳಾಗಿ, ಭಾರತ, ಯುರೋಪ್, ಅಮೆರಿಕದ ಬ್ರೇಕಿಥೆರಪಿ ತಜ್ಞರ ಸಂಘಗಳು ಸೇರಿ 2021ರಲ್ಲಿ ಸಿ.ಟಿ ಮೇಲೆಯೇ ಗಡ್ಡೆ ಗುರುತಿಸುವ ಕ್ರಮವನ್ನು ಪ್ರಕಟಿಸಿದರು. ಸಾರ ಇಷ್ಟು: ಚಿಕಿತ್ಸೆಯ ಮೊದಲು ಒಂದು ಎಂಆರ್‌ಐ, ಸಾಧ್ಯವಾದರೆ ಬ್ರೇಕಿಥೆರಪಿಗೆ ಸ್ವಲ್ಪ ಮುಂಚೆ ಇನ್ನೊಂದು, ಪ್ರತಿ ಸಲ ಕೈಪರೀಕ್ಷೆಯ ಚಿತ್ರ, ಇವನ್ನು ಮುಂದಿಟ್ಟುಕೊಂಡು ಪ್ರತಿ ಕಂತಿನ ಸಿ.ಟಿಯಲ್ಲಿ ಅಂಚು ಬರೆಯುವುದು. ಜಗಳೂರಿನಿಂದ ಬಂದ ತಾಯಿಗೆ ನಾಳೆಯೇ ಕೊಡಬಹುದಾದ ಒಳ್ಳೆಯ ಚಿಕಿತ್ಸೆ ಇದು. ಎಂಆರ್‌ಐಗೆ ಹಣ ಹೊಂದಿಸುವುದು ಒಂದೇ ಸಲಕ್ಕೆ ಸಾಧ್ಯ ಎನ್ನುವ ಮನೆಯವರು, ಅದನ್ನು ಯಾವಾಗ ಮಾಡಿಸಿದರೆ ಹೆಚ್ಚು ಉಪಯೋಗ ಎಂದು ವಿಕಿರಣ ತಜ್ಞರನ್ನೇ ಕೇಳಿ ನಂತರ ಮಾಡಿಸಬೇಕು. ದಾರಿಯಲ್ಲಿ ಸಿಕ್ಕ ಸ್ಕ್ಯಾನ್ ಸೆಂಟರಿನಲ್ಲಿ ಮೊದಲೇ ಮಾಡಿಸಿಕೊಂಡು ಹೋಗುವುದು ಬೇಡ.

ಅಲ್ಟ್ರಾಸೌಂಡನ್ನು ಈ ಹೋಲಿಕೆಯಲ್ಲಿ ಕೊನೆಗೆ ತಳ್ಳುವುದು ರೂಢಿ. ನಾನು ಅದನ್ನು ಮೇಲಕ್ಕೆ ತರುತ್ತೇನೆ. ತಾಲ್ಲೂಕು ಮಟ್ಟದಲ್ಲೂ ಸಿಗುವ ಅಗ್ಗದ ಸ್ಕ್ಯಾನ್ ಇದು. ಗಡ್ಡೆ ಮೂತ್ರನಾಳವನ್ನು ಒತ್ತಿ ಮೂತ್ರಪಿಂಡ ಊದಿಕೊಂಡಿದ್ದರೆ ಅದು ಇದರಲ್ಲೇ ತಿಳಿಯುತ್ತದೆ. ಅಷ್ಟರಿಂದಲೇ ಹಂತ 3ಬಿ ಆಗುತ್ತದೆ, ಸಿಸ್‌ಪ್ಲಾಟಿನ್ ಕೊಡಬಹುದೇ ಎಂಬ ತೀರ್ಮಾನವೂ ಬದಲಾಗುತ್ತದೆ. ಬ್ರೇಕಿಥೆರಪಿಯ ಕೊಳವೆ ಗರ್ಭಕೋಶದ ಒಳಗೇ ಇದೆಯೇ, ಗೋಡೆ ತೂರಿ ಹೊರಗೆ ಹೋಗಿದೆಯೇ ಎಂದು ಇಡುವಾಗಲೇ ನೋಡಬಹುದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಪೀಟರ್ ಮ್ಯಾಕಲಮ್ ಕ್ಯಾನ್ಸರ್ ಕೇಂದ್ರದವರು ಹೊಟ್ಟೆಯ ಮೇಲಿನ ಅಲ್ಟ್ರಾಸೌಂಡ್ ಬಳಸಿ ಬ್ರೇಕಿಥೆರಪಿ ಯೋಜಿಸುವುದನ್ನು ವರ್ಷಗಟ್ಟಲೆ ಮಾಡಿ ತೋರಿಸಿದ್ದಾರೆ. ಗುದದ್ವಾರದ ಮೂಲಕ ಮಾಡುವ ಅಲ್ಟ್ರಾಸೌಂಡ್ ಗಡ್ಡೆಯ ಅಂಚನ್ನು ಸಿ.ಟಿಗಿಂತ ಎಂಆರ್‌ಐಗೆ ಹತ್ತಿರವಾಗಿ ತೋರಿಸುತ್ತದೆ ಎಂದು ವಿಯೆನ್ನಾದ ತಂಡ 2016ರಲ್ಲಿ ವರದಿ ಮಾಡಿತು. ನುರಿತ ಕೈ ಬೇಕು, ನಿಜ. ಆದರೆ ಯಂತ್ರಕ್ಕೆ ಕೋಟಿಗಟ್ಟಲೆ ಬೇಕಾಗಿಲ್ಲ, ಕಲಿಸುವುದೂ ಅಸಾಧ್ಯವಲ್ಲ.

ಪೆಟ್-ಸಿ.ಟಿ ಇವೆಲ್ಲಕ್ಕಿಂತ ದುಬಾರಿ. ವಿಕಿರಣ ಬೆರೆಸಿದ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಕೊಟ್ಟು, ಎಲ್ಲೆಲ್ಲಿ ಅದು ಹೆಚ್ಚು ಸೇರುತ್ತದೆ ಎಂದು ನೋಡುವುದು. ಹೊಟ್ಟೆಯ ಹಿಂಭಾಗದಲ್ಲಿ ಮಹಾಧಮನಿಯ ಪಕ್ಕದ ದುಗ್ಧಗ್ರಂಥಿಗೆ ರೋಗ ಏರಿದೆಯೇ ಎಂದು ತಿಳಿಯಲು ಒಳ್ಳೆಯದು. ಏರಿದ್ದರೆ ವಿಕಿರಣದ ಕ್ಷೇತ್ರವನ್ನೇ ಮೇಲಕ್ಕೆ ವಿಸ್ತರಿಸಬೇಕಾಗುತ್ತದೆ. ಆದರೆ ಆ ವಸ್ತುವಿನ ಶಕ್ತಿ ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ, ಆದ್ದರಿಂದ ತಯಾರಿಸುವ ಕೇಂದ್ರದಿಂದ ದೂರದ ಊರಿಗೆ ಸಾಗಿಸುವುದು ಕಷ್ಟ. ಕ್ಷಯದ ಗ್ರಂಥಿಯೂ ಅದರಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ, ನಮ್ಮ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಸಿಕ್ಕರೆ ಒಳ್ಳೆಯದು. ಸಿಗಲಿಲ್ಲವೆಂದು ಚಿಕಿತ್ಸೆ ಮುಂದೂಡಬಾರದು.

ಮುಂದೂಡುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ನಷ್ಟ. ಎಂಟು ವಾರದ ಗಡುವು ಒಂದು ವಾರ ದಾಟಿದರೆ, ಗಡ್ಡೆಗೆ ಮುಟ್ಟಿಸಿದ ಪ್ರಮಾಣದಲ್ಲಿ ಸುಮಾರು 5 ಗ್ರೇ ಕಳೆದುಕೊಂಡಂತೆ ಎಂದು ಯುರೋಪಿನ ತಂಡವೇ 2016ರಲ್ಲಿ ಲೆಕ್ಕ ಹಾಕಿದೆ. ಅತಿ ಸ್ಪಷ್ಟವಾದ ಎಂಆರ್‌ಐಗಾಗಿ ಹತ್ತು ಹದಿನೈದು ದಿನ ಕಾದರೆ ಅದರ ಲಾಭವೆಲ್ಲ ಅಲ್ಲೇ ತೀರಿಹೋಗುತ್ತದೆ. ಈ ನಾಲ್ಕು ತಾಲ್ಲೂಕಿನ ಮಟ್ಟಿಗೆ ನನ್ನ ತೀರ್ಮಾನ ಹೀಗೆ: ಸಕಾಲದಲ್ಲಿ ಸಿಕ್ಕ ಸಿ.ಟಿ, ಒಂದು ಎಂಆರ್‌ಐ, ನುರಿತ ಕೈ, ಪಕ್ಕದಲ್ಲೊಂದು ಅಲ್ಟ್ರಾಸೌಂಡ್ ಸೇರಿದರೆ, ತಡವಾಗಿ ಸಿಕ್ಕ ಯಾವ ದುಬಾರಿ ಸ್ಕ್ಯಾನಿಗಿಂತಲೂ ಮೇಲು. ಮಧ್ಯ ಕರ್ನಾಟಕದ ಸರ್ಕಾರಿ ವ್ಯವಸ್ಥೆಯಲ್ಲಿ ಕ್ಯಾನ್ಸರಿಗಾಗಿ ಹಣ ತೆಗೆದಿಡುವವರು ಬ್ರೇಕಿಥೆರಪಿ ಘಟಕಕ್ಕೆ ಮೊದಲ ಸ್ಥಾನ ಕೊಡಲಿ. ಅದರಲ್ಲಿ ಬಳಸುವ ಇರಿಡಿಯಂ ಮೂಲದ ಶಕ್ತಿ ಸುಮಾರು 74 ದಿನಕ್ಕೆ ಅರ್ಧವಾಗುವುದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕು. ಕೋಬಾಲ್ಟ್ ಮೂಲದ್ದು ಐದು ವರ್ಷಕ್ಕೂ ಹೆಚ್ಚು ಕಾಲದ ನಂತರ ಅರ್ಧವಾಗುತ್ತದೆ, ಚಿಕ್ಕ ಕೇಂದ್ರಗಳಿಗೆ ಅದು ಅನುಕೂಲ.

ತಡವಾಗುವುದು ಚಿಕಿತ್ಸೆಯಲ್ಲಿ ಮಾತ್ರವಲ್ಲ, ರೋಗ ಪತ್ತೆಯಲ್ಲೂ. ದೇಶದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂದಿತೆಂದೂ ಸುಮಾರು 80 ಸಾವಿರ ಮಂದಿ ತೀರಿಕೊಂಡರೆಂದೂ ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಶೇ 2ಕ್ಕಿಂತ ಕಡಿಮೆ.

ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದಾಗ ರಕ್ತ ಬಂದರೆ, ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಆ ವಾರವೇ ಹೋಗಿ. ರೋಗ ಖಚಿತವಾದರೆ ಬಿಪಿಎಲ್ ಕಾರ್ಡು, ಆಧಾರ್ ಹಿಡಿದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಶಿಫಾರಸು ಪತ್ರ ಅಲ್ಲಿಂದಲೇ ಪಡೆಯಿರಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಸಿಗುತ್ತದೆ, ಕಿದ್ವಾಯಿ ಆವರಣದಲ್ಲಿ ಉಳಿಯಲು ಧರ್ಮಶಾಲೆಯಿದೆ. ಹಿಂದಿನ ಎಲ್ಲ ಸ್ಕ್ಯಾನ್‌ಗಳ ವರದಿ ಮಾತ್ರವಲ್ಲ, ಫಿಲ್ಮ್ ಮತ್ತು ಸಿ.ಡಿಯನ್ನೂ ಒಂದೇ ಚೀಲದಲ್ಲಿಟ್ಟು ಒಯ್ಯಿರಿ. ವೈದ್ಯರನ್ನು ಎರಡು ಪ್ರಶ್ನೆ ಕೇಳಲು ಹಿಂಜರಿಯಬೇಡಿ: ‘ಬ್ರೇಕಿಥೆರಪಿ ಇಲ್ಲೇ ಆಗುತ್ತದೆಯೇ?’, ‘ಅದನ್ನು ಸಿ.ಟಿ ತೆಗೆದು ಯೋಜಿಸುತ್ತೀರಾ?’ ಮೊದಲ ಕಂತು ಆದ ದಿನವೇ ಮನೆಯ ಕ್ಯಾಲೆಂಡರಿನಲ್ಲಿ 56ನೇ ದಿನಕ್ಕೆ ಗುರುತು ಹಾಕಿ, ಕೊನೆಯ ಬ್ರೇಕಿಥೆರಪಿ ಆ ತಾರೀಖಿನೊಳಗೆ ಮುಗಿಯುವಂತೆ ನೋಡಿಕೊಳ್ಳಿ.